ಹಳೆ ಪೇಪರಿನ ಲೆಕ್ಕವೂ ಮೈಲುತುತ್ತದಲ್ಲಿ ಅದ್ದಿದ ಕತ್ತಿಯೂ

ಡಿಸೆಂಬರ್ ಬಂತೆಂದರೆ ಕುಮಟಾದ ಝೆರಾಕ್ಸ್ ಅಂಗಡಿಗಳಲ್ಲಿ ಒಂದೇ ಸರಕು: ದ್ವಿತೀಯ ಪಿಯುಸಿಯ ಹತ್ತು ವರ್ಷದ ಪ್ರಶ್ನೆಪತ್ರಿಕೆ, ಸ್ಪೈರಲ್ ಬೈಂಡಿಂಗ್ ಸಮೇತ. ಭಾನುವಾರ ನಮ್ಮ ಮನೆ ಜಗುಲಿಯಲ್ಲಿ ಕೆಮಿಸ್ಟ್ರಿಗೆ ಕೂರುವ ಮಕ್ಕಳೆಲ್ಲರ ಕೈಯಲ್ಲೂ ಅದು ಇರುತ್ತದೆ. ಅಂಕೋಲಾ, ಗೋಕರ್ಣದ ಕಡೆಯವರು ಕೆಲವರು, ದೇವಿಮನೆ ಘಟ್ಟ ಇಳಿದು ಬರುವವರು ಕೆಲವರು. ಮೊದಲ ವಾರ ಎಲ್ಲರೂ ಮಾಡುವುದು ಒಂದೇ ಕೆಲಸ. ಹಳದಿ ಹೈಲೈಟರ್ ಹಿಡಿದು ಯಾವ ಪ್ರಶ್ನೆ ಎಷ್ಟು ಸಲ ಬಂದಿದೆ ಎಂದು ಎಣಿಸುವುದು.

"ಸರ್, ಇದು ಹೋದ ವರ್ಷ ಬಂದದೆ. ಈ ವರ್ಷ ಬರೂದಿಲ್ಲ ಅಲ್ದಾ?"

ಬರಬಹುದು, ಬರದೆಯೂ ಇರಬಹುದು. ಓಸಿ ಜೂಜಿಗೆ ನಂಬರ್ ಹಚ್ಚುವವರ ಲೆಕ್ಕಾಚಾರಕ್ಕೂ ಇದಕ್ಕೂ ಬಹಳ ದೂರವಿಲ್ಲ ಎಂದು ನಾನು ತಮಾಷೆ ಮಾಡುತ್ತೇನೆ, ಮಕ್ಕಳಿಗೆ ಅದು ಅಷ್ಟು ರುಚಿಸುವುದಿಲ್ಲ. ಪ್ರಶ್ನೆ ಎಣಿಸುವುದು ಪೂರ್ತಿ ವ್ಯರ್ಥವೆಂದೂ ನಾನು ಹೇಳಲಾರೆ. ಯಾವ ಪಾಠಕ್ಕೆ ತೂಕ ಹೆಚ್ಚು ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಅದಕ್ಕೆ ಒಂದು ಸಂಜೆ ಸಾಕು. ಉಳಿದ ಮೂರು ತಿಂಗಳು ಆ ಕಟ್ಟಿನ ಜೊತೆ ಮಾಡಬೇಕಾದ ಕೆಲಸ ಬೇರೆ ಇದೆ. ಪ್ರತಿ ಲೆಕ್ಕಕ್ಕೂ ಪೆನ್ನು ಎತ್ತುವ ಮೊದಲು ಉತ್ತರ ಸುಮಾರು ಎಷ್ಟಿರಬೇಕು ಎಂದು ಹೇಳಬೇಕು, ಆಮೇಲೆ ಬಿಡಿಸಬೇಕು, ಬಿಡಿಸಿದ ಮೇಲೆ ಪ್ರಶ್ನೆಯ ಒಂದು ಮಾತನ್ನು ಬದಲಿಸಿ ಮತ್ತೊಮ್ಮೆ ಬಿಡಿಸಬೇಕು. ಹೀಗೆ ಮಾಡಿದರೆ ಐದು ವರ್ಷದ ಪೇಪರೇ ಹೆಚ್ಚಾಗುತ್ತದೆ. ಹತ್ತು ಬೇಕಾಗುವುದಿಲ್ಲ.

ಶುರುಮಾಡುವ ಮೊದಲು ಒಂದು ಎಚ್ಚರಿಕೆ. ಹಳೆ ಕಟ್ಟಿನಲ್ಲಿ ಈಗ ಇಲ್ಲದ ಪಾಠದ ಪ್ರಶ್ನೆಗಳೂ ಸೇರಿರುತ್ತವೆ. 2023ರಲ್ಲಿ ಪಠ್ಯ ಇಳಿಸಿದಾಗ ಘನಸ್ಥಿತಿ, ಮೇಲ್ಮೈ ರಸಾಯನ, ಲೋಹಗಳ ಬೇರ್ಪಡಿಕೆ, ಪಿ ಬ್ಲಾಕ್, ಪಾಲಿಮರ್, ದಿನಬಳಕೆಯ ರಸಾಯನ ಹೋದವು. ಉಳಿದದ್ದು ಹತ್ತು ಪಾಠ, ದ್ರಾವಣಗಳಿಂದ ಹಿಡಿದು ಜೈವಿಕ ಅಣುಗಳವರೆಗೆ. ಘನಸ್ಥಿತಿಯ ಸಾಂದ್ರತೆಯ ಲೆಕ್ಕವನ್ನು ರಾತ್ರಿ ಹನ್ನೊಂದರವರೆಗೆ ಕುಳಿತು ಬಿಡಿಸಿದ ಹುಡುಗನೊಬ್ಬನಿಗೆ ಆ ಪಾಠವೇ ಈಗ ಇಲ್ಲ ಎಂದು ಹೇಳಬೇಕಾದಾಗ ನನಗೇ ಬೇಸರವಾಗಿತ್ತು. ಇಂಥ ಗೊಂದಲ ಮಕ್ಕಳಿಗೆ ಮಾತ್ರ ಆಗುವುದೂ ಅಲ್ಲ. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಡಬೇಕಾಯಿತು. ಹಾಗಾಗಿ ಕಟ್ಟು ಕೈಗೆ ಬಂದ ದಿನವೇ ಪಠ್ಯಪುಸ್ತಕದ ಪರಿವಿಡಿ ಎದುರಿಗಿಟ್ಟುಕೊಂಡು, ಇಲ್ಲದ ಪಾಠದ ಪ್ರಶ್ನೆಗಳ ಮೇಲೆ ಅಡ್ಡ ಗೆರೆ ಎಳೆದುಬಿಡಿ.

ಈಗ ಲೆಕ್ಕಕ್ಕೆ ಬರೋಣ. ರಾಸಾಯನಿಕ ಚಲನಶಾಸ್ತ್ರದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಜಾತಿಯ ಪ್ರಶ್ನೆ ಇದೆ. "ಒಂದು ಪ್ರಥಮ ದರ್ಜೆಯ ಕ್ರಿಯೆಯಲ್ಲಿ 30 ಶೇಕಡಾ ವಸ್ತು ವಿಭಜನೆಯಾಗಲು 40 ನಿಮಿಷ ಬೇಕು. ಅರ್ಧಾಯು ಎಷ್ಟು?"

ಮಕ್ಕಳು ಕೂಡಲೇ ಸೂತ್ರಕ್ಕೆ ಹಾರುತ್ತಾರೆ. ಸ್ವಲ್ಪ ತಡೆಯಿರಿ. ಪ್ರಥಮ ದರ್ಜೆ ಎಂದರೆ ಏನು? ಸಮ ಕಾಲದಲ್ಲಿ ಸಮ ಪಾಲು ಹೋಗುತ್ತದೆ ಎಂದು. ಸಮ ಪ್ರಮಾಣವಲ್ಲ, ಸಮ ಪಾಲು. ಮೊದಲ 40 ನಿಮಿಷದಲ್ಲಿ 100ರಲ್ಲಿ 30 ಹೋಯಿತು, 70 ಉಳಿಯಿತು. ಮುಂದಿನ 40 ನಿಮಿಷದಲ್ಲಿ ಈ 70ರಲ್ಲಿ 30 ಶೇಕಡಾ, ಅಂದರೆ 21 ಹೋಗುತ್ತದೆ. ಉಳಿಯುವುದು 49. ಅಂದರೆ 80 ನಿಮಿಷಕ್ಕೆ ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ ಉಳಿದಿದೆ. ಅರ್ಧಾಯು, ಅಂದರೆ ಅರ್ಧ ವಸ್ತು ಹೋಗಲು ಬೇಕಾದ ಕಾಲ, 80 ನಿಮಿಷಕ್ಕಿಂತ ತುಸು ಕಡಿಮೆ ಇರಲೇಬೇಕು. ಲಾಗ್ ಟೇಬಲ್ ಇನ್ನೂ ತೆರೆದಿಲ್ಲ, ಉತ್ತರ ಹೆಚ್ಚುಕಡಿಮೆ ಕೈಗೆ ಬಂದಿದೆ.

ಈಗ ಸೂತ್ರ ಹಾಕಿ. ವೇಗ ಸ್ಥಿರಾಂಕ ಕೆ = (2.303 ÷ 40) × ಲಾಗ್ (100 ÷ 70). ಲಾಗ್ 1.4286 ಎಂದರೆ 0.1549. ಕೆ = 0.00892, ಯೂನಿಟ್ ಪ್ರತಿ ನಿಮಿಷ. ಅರ್ಧಾಯು = 0.693 ÷ 0.00892 = 77.7 ನಿಮಿಷ. ನಾವು ಅಂದಾಜಿಸಿದ ಜಾಗದಲ್ಲೇ ಬಂತು.

ಪ್ರತಿ ವರ್ಷ ಹತ್ತರಲ್ಲಿ ಮೂವರಾದರೂ ಇಲ್ಲಿ ಬೀಳುತ್ತಾರೆ. 70 ಹಾಕುವ ಜಾಗದಲ್ಲಿ 30 ಹಾಕುತ್ತಾರೆ. ಆಗಿದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ಅದಲುಬದಲು. ಆಗ ಕೆ 0.0301 ಆಗಿ ಅರ್ಧಾಯು 23 ನಿಮಿಷ ಬರುತ್ತದೆ. ಅದನ್ನು ಚೌಕದೊಳಗೆ ಬರೆದು, ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. 40 ನಿಮಿಷವಾದರೂ 30 ಶೇಕಡಾ ಮಾತ್ರ ಹೋಗಿದೆ ಎಂದು ಪ್ರಶ್ನೆಯಲ್ಲೇ ಇದೆಯಲ್ಲ, 23 ನಿಮಿಷಕ್ಕೆ ಅರ್ಧ ಹೇಗೆ ಹೋಯಿತು ಎಂದು ಕೇಳಿದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅಂದಾಜು ಮೊದಲೇ ಬರೆದಿಟ್ಟಿದ್ದರೆ ಆ 23 ಕಣ್ಣಿಗೆ ಚುಚ್ಚುತ್ತಿತ್ತು.

ಇನ್ನು ಪ್ರಶ್ನೆಯನ್ನು ತಿರುವಿ ಹಾಕುವ ಕೆಲಸ. ಅದೇ ಅಂಕಿಗಳು, ಆದರೆ ಶೂನ್ಯ ದರ್ಜೆ ಎಂದಿದ್ದರೆ? ಅಲ್ಲಿ ಸಮ ಕಾಲಕ್ಕೆ ಸಮ ಪ್ರಮಾಣ. 40 ನಿಮಿಷಕ್ಕೆ 30 ಆದರೆ 50ಕ್ಕೆ 66.7 ನಿಮಿಷ. ಪ್ರಥಮ ದರ್ಜೆಯ 77.7ಕ್ಕಿಂತ ಇದೇಕೆ ಕಡಿಮೆ ಎಂದು ಒಂದು ನಿಮಿಷ ಯೋಚಿಸಿ. ಪ್ರಥಮ ದರ್ಜೆಯಲ್ಲಿ ವಸ್ತು ಕಡಿಮೆಯಾದಂತೆ ವೇಗವೂ ಕುಗ್ಗುತ್ತದೆ, ಶೂನ್ಯ ದರ್ಜೆಯಲ್ಲಿ ಕುಗ್ಗುವುದಿಲ್ಲ. ಇಷ್ಟು ಹೊಳೆದರೆ ಎರಡರ ನಡುವಿನ ವ್ಯತ್ಯಾಸ ಬರೆಯಿರಿ ಎಂಬ ಎರಡು ಅಂಕದ ಪ್ರಶ್ನೆಗೂ ಉತ್ತರ ಸಿಕ್ಕಿದಂತೆ.

"99.9 ಶೇಕಡಾ ಮುಗಿಯಲು ಬೇಕಾದ ಕಾಲ ಅರ್ಧಾಯುವಿನ ಹತ್ತು ಪಟ್ಟು ಎಂದು ತೋರಿಸಿ" ಎಂಬುದೂ ಇದೇ ಮನೆಯದು. 99.9 ಹೋದರೆ ಉಳಿಯುವುದು 1000ದಲ್ಲಿ 1. ಎರಡನ್ನು ಹತ್ತು ಸಲ ಗುಣಿಸಿದರೆ 1024. ಅರ್ಧ, ಅರ್ಧದ ಅರ್ಧ, ಹೀಗೆ ಹತ್ತು ಸಲ ಮಾಡಿದರೆ ಸಾವಿರದ ಒಂದು ಪಾಲಿಗೆ ಬಂದು ನಿಲ್ಲುತ್ತೇವೆ. ಪರೀಕ್ಷೆಯಲ್ಲಿ ಲಾಗ್ ಹಾಕಿಯೇ ತೋರಿಸಬೇಕು, ಸರಿ. 2.303 × 3 ಅಂದರೆ 6.909, ಅದನ್ನು 0.693ರಿಂದ ಭಾಗಿಸಿದರೆ 9.97. ಆದರೆ 1024 ತಲೆಯಲ್ಲಿದ್ದವನಿಗೆ ಈ ಹತ್ತು ಎಲ್ಲಿಂದ ಬಂತೆಂದು ಗೊತ್ತಿರುತ್ತದೆ.

ಕಾರವಾರದ ಹುಡುಗನೊಬ್ಬ ಈ ಲೆಕ್ಕ ಮಾಡುತ್ತಿದ್ದಾಗ ಕೈಗಾದ ಮಾತು ತೆಗೆದ. ಅಲ್ಲಿಯ ರಿಯಾಕ್ಟರುಗಳು ಭಾರಜಲ ಬಳಸುವಂಥವು. ಭಾರಜಲಕ್ಕೆ ನ್ಯೂಟ್ರಾನ್ ತಾಗಿದಾಗ ಒಂದಿಷ್ಟು ಟ್ರಿಟಿಯಂ ಹುಟ್ಟುತ್ತದೆ, ಅದರ ಅರ್ಧಾಯು ಸುಮಾರು 12.3 ವರ್ಷ. "ಹಾಗಾದ್ರೆ ಸಾವಿರದ ಒಂದು ಪಾಲಿಗೆ ಬರೂಕೆ 123 ವರ್ಷ ಬೇಕಲ್ಲ ಸರ್" ಎಂದ. ಕಾಗದ ಮುಟ್ಟದೆ ಹೇಳಿದ. ವಿಕಿರಣ ಕ್ಷಯವೆಲ್ಲ ಪ್ರಥಮ ದರ್ಜೆಯದೇ ಆದ್ದರಿಂದ ಇಂಗಾಲ 14ರ ಕಾಲಗಣನೆಯ ಲೆಕ್ಕ ಬಂದಾಗ ಅವನಿಗೆ ಬೇರೆ ಪಾಠ ಬೇಕಾಗಲಿಲ್ಲ.

ವಿದ್ಯುತ್ ರಸಾಯನಕ್ಕೆ ಬಂದರೆ ಮಕ್ಕಳ ಮುಖ ಬಾಡುತ್ತದೆ. ನರ್ನ್‌ಸ್ಟ್ ಸಮೀಕರಣ ನೋಡಲು ಹಾಗೇ ಇದೆ. ಆದರೆ ಶಿರಸಿ, ಸಿದ್ದಾಪುರದ ತೋಟದ ಮನೆಯ ಮಕ್ಕಳು ಈ ಪಾಠದ ಮುಖ್ಯ ಪ್ರಯೋಗವನ್ನು ಪ್ರತಿ ಮಳೆಗಾಲ ಅಂಗಳದಲ್ಲೇ ನೋಡಿರುತ್ತಾರೆ. ಅಡಿಕೆಗೆ ಕೊಳೆ ಬರದಂತೆ ಬೋರ್ಡೋ ಔಷಧ ಹೊಡೆಯುವುದಿದೆಯಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಎಂದರೆ ಕಾಪರ್ ಸಲ್ಫೇಟ್. ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸಿದ ಮೇಲೆ ಕೊನೆಗೌಡ ಮರ ಹತ್ತುವ ಮೊದಲು ಯಾರಾದರೂ ಹಿರಿಯರು ಉಜ್ಜಿ ಹೊಳಪಿಸಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಕತ್ತಿಯ ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲಲಿಲ್ಲ, ಇನ್ನಷ್ಟು ಹಾಕಬೇಕು. ಕೂರದಿದ್ದರೆ ಹೊಡೆಯಬಹುದು.

ಆ ಕೆಂಪು, ತಾಮ್ರ. ದ್ರಾವಣದಲ್ಲಿ ಬಿಡಿಯಾಗಿ ಉಳಿದಿದ್ದ ತಾಮ್ರದ ಅಯಾನು ಕಬ್ಬಿಣದಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು ಲೋಹವಾಗಿ ಅಲಗಿನ ಮೇಲೆ ಕೂತಿತು, ಕಬ್ಬಿಣ ಅಯಾನಾಗಿ ನೀರಿಗಿಳಿಯಿತು. ಪುಸ್ತಕದ ಕೋಷ್ಟಕದಲ್ಲಿ ತಾಮ್ರಕ್ಕೆ +0.34 ವೋಲ್ಟ್, ಕಬ್ಬಿಣಕ್ಕೆ −0.44 ವೋಲ್ಟ್. ಮೇಲಿನದರಿಂದ ಕೆಳಗಿನದನ್ನು ಕಳೆದರೆ 0.34 − (−0.44) = 0.78 ವೋಲ್ಟ್. ಧನ ಚಿಹ್ನೆ ಬಂತು, ಕ್ರಿಯೆ ತಾನಾಗಿ ನಡೆಯುತ್ತದೆ. ತಾಮ್ರದ ತಗಡನ್ನು ಕಬ್ಬಿಣದ ಸಲ್ಫೇಟಿನಲ್ಲಿ ಅದ್ದಿದರೆ −0.78, ಏನೂ ಆಗುವುದಿಲ್ಲ. ಕಬ್ಬಿಣದ ಪಾತ್ರೆಯಲ್ಲಿ ಕಾಪರ್ ಸಲ್ಫೇಟ್ ಇಡಬಹುದೇ ಎಂಬ ಹಳೆ ಪ್ರಶ್ನೆಯೂ ಇದೇ ಕತ್ತಿಯ ಇನ್ನೊಂದು ರೂಪ. ಮೈಲುತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು ಎಂದು ಅಜ್ಜ ಗದರಿದ್ದು ನೆನಪಿದ್ದರೆ ಎರಡು ಅಂಕ ಸಿಕ್ಕಿತು.

ಈಗ ಲೆಕ್ಕ. ಕಬ್ಬಿಣದ ಅಯಾನು 0.1 ಮೋಲಾರ್, ತಾಮ್ರದ ಅಯಾನು 0.01 ಮೋಲಾರ್ ಇದ್ದರೆ ಕೋಶದ ಇಎಂಎಫ್, ಅಂದರೆ ಅದು ಕೊಡುವ ವೋಲ್ಟೇಜು, ಎಷ್ಟು? ಮೊದಲು ಅಂದಾಜು. ಕ್ರಿಯೆಯಿಂದ ಹುಟ್ಟಬೇಕಾದ್ದು ಹೆಚ್ಚಿದೆ, ಖರ್ಚಾಗಬೇಕಾದ್ದು ಕಡಿಮೆ ಇದೆ. ಹಾಗಾಗಿ ಮುಂದೆ ತಳ್ಳುವ ಬಲ ಕುಗ್ಗಿರಬೇಕು, ಉತ್ತರ 0.78ಕ್ಕಿಂತ ಕೆಳಗೆ. ಎಷ್ಟು ಕೆಳಗೆ? ಎರಡು ಎಲೆಕ್ಟ್ರಾನಿನ ಕ್ರಿಯೆಯಲ್ಲಿ ಅನುಪಾತ ಹತ್ತು ಪಟ್ಟಾದರೆ 0.0591ರ ಅರ್ಧ, ಸುಮಾರು 0.03 ವೋಲ್ಟ್. ಹಾಗಾದರೆ ಸುಮಾರು 0.75. ಬಿಡಿಸಿ ನೋಡಿ: 0.78 − (0.0591 ÷ 2) × ಲಾಗ್ (0.1 ÷ 0.01) = 0.78 − 0.0296 = 0.7504 ವೋಲ್ಟ್. ಅನುಪಾತವನ್ನು ತಲೆಕೆಳಗೆ ಹಾಕಿದವರಿಗೆ 0.81 ಬರುತ್ತದೆ. ಅಂದಾಜು ಬರೆದಿದ್ದವರು ಅಲ್ಲೇ ನಿಂತು ತಿದ್ದಿಕೊಳ್ಳುತ್ತಾರೆ.

ಇದೇ ಕೋಶಕ್ಕೆ ಪ್ರಮಾಣಿತ ಮುಕ್ತ ಶಕ್ತಿಯ ಬದಲಾವಣೆ ಕೇಳಿದರೆ −2 × 96500 × 0.78, ಅಂದರೆ ಸುಮಾರು −150.5 ಕಿಲೋಜೂಲ್. ಇಲ್ಲಿ ಇನ್ನೊಂದು ಗುಂಡಿ ಇದೆ. ಸಮೀಕರಣ ಸರಿದೂಗಿಸಲು ಅರ್ಧಕ್ರಿಯೆಯನ್ನು ಎರಡರಿಂದಲೋ ಮೂರರಿಂದಲೋ ಗುಣಿಸಿದಾಗ ವೋಲ್ಟೇಜನ್ನೂ ಗುಣಿಸಿಬಿಡುತ್ತಾರೆ. ವೋಲ್ಟೇಜು ನೀರಿನ ಟ್ಯಾಂಕಿಯ ಎತ್ತರವಿದ್ದ ಹಾಗೆ. ಅದೇ ಎತ್ತರದಲ್ಲಿ ಎರಡು ಟ್ಯಾಂಕಿ ಇಟ್ಟರೆ ನೀರು ಎರಡು ಪಟ್ಟಾದೀತು, ಎತ್ತರ ಎರಡು ಪಟ್ಟಾಗುವುದಿಲ್ಲ. ನೀರಿನ ಲೆಕ್ಕ ಎಲೆಕ್ಟ್ರಾನುಗಳ ಸಂಖ್ಯೆ ಹೇಳುವ ಎನ್ ಎಂಬ ಅಕ್ಷರದಲ್ಲಿ ಆಗಲೇ ಇದೆ.

ತುಕ್ಕಿನ ಪ್ರಶ್ನೆಗೆ ಕರಾವಳಿಯ ಮಕ್ಕಳಿಗೆ ಉದಾಹರಣೆ ಹುಡುಕುವ ಕೆಲಸವಿಲ್ಲ, ಅವರ ಸೈಕಲ್ಲೇ ಉದಾಹರಣೆ. ಬೈತಖೋಲದ ಬಂದರಿನಲ್ಲಿ ದಡಕ್ಕೆಳೆದ ಬೋಟುಗಳ ಚುಕ್ಕಾಣಿಯ ಬಳಿ ಸತುವಿನ ಗಟ್ಟಿ ಬಿಗಿದಿರುವುದನ್ನು ನೋಡಿ. ಸತುವಿಗೆ −0.76, ಕಬ್ಬಿಣಕ್ಕೆ −0.44. ಸತು ಮೊದಲು ಕರಗುತ್ತದೆ, ಕಬ್ಬಿಣ ಉಳಿಯುತ್ತದೆ. ಕ್ಯಾಥೋಡಿಕ್ ರಕ್ಷಣೆ ಎಂದು ಬರೆದು ಸುಮ್ಮನಾಗಬೇಡಿ. ಸತು ಆನೋಡ್, ಕಬ್ಬಿಣ ಕ್ಯಾಥೋಡ್ ಆಗುತ್ತದೆ ಎಂಬ ಸಾಲು ಇಲ್ಲದಿದ್ದರೆ ಒಂದು ಅಂಕ ಹೋಗುತ್ತದೆ.

ದ್ರಾವಣಗಳ ಪಾಠದಲ್ಲಿ ಸಾಣಿಕಟ್ಟೆಯ ಉಪ್ಪು ಮತ್ತು ಅಪ್ಪೆಮಿಡಿ ಎರಡೂ ಇವೆ ಎಂದು ನಾನು ಹೇಳುವುದುಂಟು. ಪಠ್ಯಪುಸ್ತಕವೇ ಮಾವಿನ ಮಿಡಿಯ ಮಾತು ಎತ್ತುತ್ತದೆ: ಗಟ್ಟಿ ಉಪ್ಪುನೀರಿನಲ್ಲಿ ಹಾಕಿದ ಮಾವಿನಕಾಯಿ ಏಕೆ ಸುರುಟುತ್ತದೆ? ಭರಣಿಯಲ್ಲಿ ಮಿಡಿ ಉಪ್ಪಿಗೆ ಹಾಕಿದ ಅಮ್ಮನಿಗೆ ಗೊತ್ತು, ನೀರು ಹಾಕದಿದ್ದರೂ ಕೆಲವು ದಿನಕ್ಕೆ ಭರಣಿಯಲ್ಲಿ ನೀರು ತುಂಬುತ್ತದೆ. ಆ ನೀರು ಮಿಡಿಯದು. ಒಳಗಿನ ತೆಳು ದ್ರಾವಣದಿಂದ ಹೊರಗಿನ ಗಟ್ಟಿ ದ್ರಾವಣಕ್ಕೆ ಪೊರೆಯ ಮೂಲಕ ನೀರು ದಾಟಿ ಬಂತು. ಆಸ್ಮೋಸಿಸ್ ಎಂದರೆ ಅಷ್ಟೇ.

ಲೆಕ್ಕ ಹೀಗಿದೆ: 500 ಗ್ರಾಂ ನೀರಿಗೆ 5.85 ಗ್ರಾಂ ಉಪ್ಪು ಹಾಕಿದರೆ ಕುದಿಬಿಂದು ಎಷ್ಟು ಏರುತ್ತದೆ? ನೀರಿಗೆ ಕೆಬಿ 0.52. ಅಂದಾಜು: ಒಂದು ಮೋಲಾಲ್‌ಗೆ ಅರ್ಧ ಡಿಗ್ರಿ. ನಮ್ಮಲ್ಲಿರುವುದು 0.1 ಮೋಲ್, ಅರ್ಧ ಕಿಲೋ ನೀರಿನಲ್ಲಿ, ಅಂದರೆ 0.2 ಮೋಲಾಲ್. ಡಿಗ್ರಿಯ ಹತ್ತನೆಯ ಒಂದು ಪಾಲು. ಆದರೆ ಉಪ್ಪು ನೀರಿಗೆ ಬಿದ್ದರೆ ಒಂದು ಇದ್ದದ್ದು ಎರಡಾಗುತ್ತದೆ, ಸೋಡಿಯಂ ಬೇರೆ, ಕ್ಲೋರೈಡ್ ಬೇರೆ. ಹಾಗಾಗಿ ಐದನೆಯ ಒಂದು ಪಾಲು. 2 × 0.52 × 0.2 = 0.208 ಕೆಲ್ವಿನ್. ಈ ಎರಡನ್ನು, ಅಂದರೆ ವ್ಯಾಂಟ್ ಹಾಫ್ ಅಂಶವನ್ನು, ಮರೆತವರು 0.104 ಬರೆಯುತ್ತಾರೆ. ಪ್ರಶ್ನೆಯಲ್ಲಿ ಉಪ್ಪಿನ ಹೆಸರು ಕಂಡ ಕೂಡಲೇ ಅದರ ಮೇಲೆ ಒಂದು ಸುತ್ತು ಹಾಕುವುದನ್ನು ಅಭ್ಯಾಸ ಮಾಡಿಸಿದ್ದೇನೆ. ಗ್ಲೂಕೋಸ್ ಅಥವಾ ಯೂರಿಯಾ ಇದ್ದರೆ ಒಂದು, ಉಪ್ಪಿಗೆ ಎರಡು, ಕ್ಯಾಲ್ಸಿಯಂ ಕ್ಲೋರೈಡಿಗೆ ಮೂರು.

ಈ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವ ಒಂದು ಉತ್ತರವಿದೆ. ಪ್ರೋಟೀನ್, ಪಾಲಿಮರ್ ಮುಂತಾದ ದೈತ್ಯ ಅಣುಗಳ ಮೋಲಾರ್ ದ್ರವ್ಯರಾಶಿ ಅಳೆಯಲು ಆಸ್ಮೋಟಿಕ್ ಒತ್ತಡವೇ ಏಕೆ? "ಕೋಣೆಯ ಉಷ್ಣತೆಯಲ್ಲಿ ಅಳೆಯಬಹುದು, ಬೆಲೆ ದೊಡ್ಡದಿರುತ್ತದೆ" ಎಂದು ಬರೆಯುತ್ತಾರೆ. ಎಷ್ಟು ದೊಡ್ಡದು? ಸಮುದ್ರದ ನೀರು ತೆಗೆದುಕೊಳ್ಳಿ. ಒಂದು ಕಿಲೋದಲ್ಲಿ ಸುಮಾರು 35 ಗ್ರಾಂ ಲವಣ. ಎಲ್ಲ ಅಡುಗೆ ಉಪ್ಪೇ ಎಂದು ಹಿಡಿದರೆ ಸುಮಾರು 0.6 ಮೋಲ್. ಇದರಿಂದ ಕುದಿಬಿಂದು ಏರುವುದು ಬರೇ 0.6 ಡಿಗ್ರಿ. ಅದೇ ನೀರಿನ ಆಸ್ಮೋಟಿಕ್ ಒತ್ತಡ? 2 × 0.6 × 0.083 × 300, ಸುಮಾರು 30 ಬಾರ್. 300 ಮೀಟರ್ ಎತ್ತರದ ನೀರಿನ ಕಂಬ ತಲೆಯ ಮೇಲೆ ನಿಂತಷ್ಟು. ಸಮುದ್ರದ ನೀರನ್ನು ರಿವರ್ಸ್ ಆಸ್ಮೋಸಿಸ್‌ನಿಂದ ಸಿಹಿ ಮಾಡಲು ಏಕೆ ಅಷ್ಟು ದೊಡ್ಡ ಪಂಪು ಬೇಕು ಎಂಬುದೂ ಇಲ್ಲೇ ಗೊತ್ತಾಯಿತು, ಈ 30 ಬಾರನ್ನು ಮೀರಿ ಒತ್ತಬೇಕು. ಈಗ ಪ್ರೋಟೀನಿಗೆ ಬನ್ನಿ. ಅದರ ಅಣು ದೈತ್ಯ, ಹಾಗಾಗಿ ಎಷ್ಟು ಗ್ರಾಂ ಹಾಕಿದರೂ ಮೋಲ್ ಕಡಿಮೆ, 0.001 ಎಂದುಕೊಳ್ಳೋಣ. ಕುದಿಬಿಂದು ಏರುವುದು 0.0005 ಡಿಗ್ರಿ, ಕಾಲೇಜಿನ ಲ್ಯಾಬಿನ ಯಾವ ಥರ್ಮಾಮೀಟರಿಗೂ ಕಾಣದು. ಒತ್ತಡ ಮಾತ್ರ 0.025 ಬಾರ್, ಗಾಜಿನ ಕೊಳವೆಯಲ್ಲಿ ಕಾಲು ಮೀಟರ್ ನೀರು ಏರಿ ನಿಲ್ಲುತ್ತದೆ. ಸ್ಕೇಲ್ ಹಿಡಿದು ಅಳೆಯಬಹುದು. ಜೊತೆಗೆ ಪ್ರೋಟೀನನ್ನು ಕುದಿಸಬೇಕಾಗಿಯೂ ಇಲ್ಲ. ಕುದಿಸಿದ ಮೊಟ್ಟೆ ಮತ್ತೆ ಹಸಿ ಆಗುವುದಿಲ್ಲವಲ್ಲ.

ಡಿ ಬ್ಲಾಕಿಗೆ ಹೆಚ್ಚು ಹೊತ್ತು ಬೇಡ. ಮೈಲುತುತ್ತ ನೀಲಿ, ಸತುವಿನ ಸಲ್ಫೇಟ್ ಬಿಳಿ, ಏಕೆ? ತಾಮ್ರದ ಅಯಾನಿನ 3ಡಿಯಲ್ಲಿ 9 ಎಲೆಕ್ಟ್ರಾನ್, ಒಂದು ಜಾಗ ಖಾಲಿ, ಹಾಗಾಗಿ ಬೆಳಕು ಹೀರಿ ಜಿಗಿಯಲು ಆಸ್ಪದವಿದೆ. ಸತುವಿನ 3ಡಿ ತುಂಬಿದೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಒಂದೇ ಆದ್ದರಿಂದ ತಾಮ್ರದ ಅಯಾನಿನ ಕಾಂತೀಯ ಮಹತ್ವ 1 × 3ರ ವರ್ಗಮೂಲ, 1.73 ಬೋರ್ ಮ್ಯಾಗ್ನೆಟಾನ್. ಎಲೆಕ್ಟ್ರಾನ್ ತೆಗೆಯುವಾಗ ಮೊದಲು 4ಎಸ್‌ನಿಂದ ತೆಗೆಯಬೇಕು ಎಂಬುದೊಂದು ನೆನಪಿದ್ದರೆ ಈ ಪಾಠದ ಅರ್ಧ ತಪ್ಪುಗಳು ತಪ್ಪುತ್ತವೆ. ಮೈಲುತುತ್ತವನ್ನು ಕಾಯಿಸಿದರೆ ಬಿಳಿಯಾಗುವುದು ಏಕೆಂದು ಕೇಳಿದರೆ, ನೀರು ಹೋಗಿದೆ ಎಂಬಲ್ಲಿಗೆ ನಿಲ್ಲಿಸದೆ ಆ ನೀರು ತಾಮ್ರದ ಅಯಾನಿಗೆ ಅಂಟಿಕೊಂಡ ಲಿಗ್ಯಾಂಡ್ ಆಗಿತ್ತು ಎಂದೂ ಬರೆಯಿರಿ.

ಸಾವಯವದ ಪ್ರಶ್ನೆಗಳನ್ನು ಹೆಚ್ಚಿನವರು ಮೇಲಿನಿಂದ ಕೆಳಗೆ ಓದುತ್ತಾರೆ. ಕೆಳಗಿನಿಂದ ಮೇಲೆ ಓದಬೇಕು. ಒಂದು ಮಾದರಿ: "ಮೂರು ಕಾರ್ಬನ್, ಎಂಟು ಹೈಡ್ರೋಜನ್, ಒಂದು ಆಕ್ಸಿಜನ್ ಇರುವ ಎ ಎಂಬ ವಸ್ತುವನ್ನು ಆಕ್ಸಿಡೀಕರಿಸಿದರೆ ಬಿ ಸಿಗುತ್ತದೆ. ಬಿ ವಸ್ತು 2,4-ಡಿಎನ್‌ಪಿಯೊಂದಿಗೆ ಕಿತ್ತಳೆ ಬಣ್ಣದ ಗಸಿ ಕೊಡುತ್ತದೆ, ಟಾಲೆನ್ಸ್ ಪರೀಕ್ಷೆಗೆ ಒಗ್ಗುವುದಿಲ್ಲ, ಅಯೋಡೋಫಾರ್ಮ್ ಕೊಡುತ್ತದೆ." ಕೊನೆಯಿಂದ ಬನ್ನಿ. ಡಿಎನ್‌ಪಿ ಗಸಿ ಎಂದರೆ ಆಲ್ಡಿಹೈಡ್ ಅಥವಾ ಕೀಟೋನ್. ಟಾಲೆನ್ಸ್‌ಗೆ ಬೆಳ್ಳಿಯ ಕನ್ನಡಿ ಇಲ್ಲ, ಕೀಟೋನ್. ಮೂರು ಕಾರ್ಬನ್ನಿನ ಕೀಟೋನ್ ಒಂದೇ, ಪ್ರೊಪನೋನ್. ಅಯೋಡೋಫಾರ್ಮಿನ ಹಳದಿ ಗಸಿ ಅದಕ್ಕೆ ಸಾಕ್ಷಿ ಹೇಳಿತು. ಹಾಗಾದರೆ ಎ ಪ್ರೊಪಾನ್-2-ಆಲ್. ಇಷ್ಟಕ್ಕೆ ಮೂರು ಅಂಕ. ಪ್ರಶ್ನೆಯ ಒಂದೇ ಮಾತು ಬದಲಿಸಿ, ಬಿ ಟಾಲೆನ್ಸ್‌ಗೆ ಒಗ್ಗುತ್ತದೆ ಎನ್ನಿ: ಬಿ ಪ್ರೊಪನಾಲ್ ಎಂಬ ಆಲ್ಡಿಹೈಡ್, ಎ ಪ್ರೊಪಾನ್-1-ಆಲ್, ಆಗ ಅಯೋಡೋಫಾರ್ಮ್ ಬರುವುದಿಲ್ಲ. ಎ ತಾನೇ ಅಯೋಡೋಫಾರ್ಮ್ ಕೊಡುತ್ತದೆಯೇ ಎಂದೂ ಕೇಳಿಕೊಳ್ಳಿ. ಪ್ರೊಪಾನ್-2-ಆಲ್ ಕೊಡುತ್ತದೆ. ಇದನ್ನು ಬಿಟ್ಟು ಸಿಇಟಿಯಲ್ಲಿ ಅಂಕ ಕಳೆದುಕೊಂಡವರು ಇದ್ದಾರೆ, 60 ಪ್ರಶ್ನೆಗೆ 80 ನಿಮಿಷ ಇರುವಲ್ಲಿ ನಿಂತು ಯೋಚಿಸಲು ಪುರುಸೊತ್ತಿರುವುದಿಲ್ಲ.

ಆಲ್ಡಾಲ್ ಮತ್ತು ಕ್ಯಾನಿಝಾರೋ ಕೂಡ ಹೀಗೆ ಜೋಡಿಯಾಗಿ ಓದಬೇಕಾದವು. ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್ನಿನ ಮೇಲೆ ಹೈಡ್ರೋಜನ್, ಅಂದರೆ ಆಲ್ಫಾ ಹೈಡ್ರೋಜನ್ ಇದ್ದರೆ, ತೆಳು ಕ್ಷಾರದಲ್ಲಿ ಆಲ್ಡಾಲ್. ಇಲ್ಲದಿದ್ದರೆ, ಗಟ್ಟಿ ಕ್ಷಾರದಲ್ಲಿ ಕ್ಯಾನಿಝಾರೋ: ಫಾರ್ಮಾಲ್ಡಿಹೈಡಿನ ಎರಡು ಅಣುಗಳಲ್ಲಿ ಒಂದು ಮೆಥನಾಲ್ ಆಗುತ್ತದೆ, ಇನ್ನೊಂದು ಸೋಡಿಯಂ ಫಾರ್ಮೇಟ್. ಹತ್ತು ಆಲ್ಡಿಹೈಡುಗಳ ಹೆಸರು ಬರೆದುಕೊಂಡು ಪ್ರತಿಯೊಂದಕ್ಕೂ ಯಾವುದು ಎಂದು ಹೇಳುತ್ತ ಹೋದರೆ ಅರ್ಧ ಗಂಟೆಯ ಕೆಲಸ.

ತಿದ್ದುವುದರ ಬಗ್ಗೆ ಒಂದು ಮಾತು. ಮಕ್ಕಳು ತಮ್ಮ ಉತ್ತರವನ್ನು ತಾವೇ ತಿದ್ದುವಾಗ ಬಹಳ ಉದಾರಿಗಳು. "ಗೊತ್ತಿತ್ತು ಸರ್, ಬರೀಲಿಲ್ಲ ಅಷ್ಟೇ." ಮೌಲ್ಯಮಾಪಕರ ಎದುರು ಇರುವುದು ಬರೆದದ್ದು ಮಾತ್ರ. ಮಂಡಳಿ ಪ್ರಕಟಿಸುವ ಮಾದರಿ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮೂರು ಅಂಕದ ಲೆಕ್ಕಕ್ಕೆ ಸಾಮಾನ್ಯವಾಗಿ ಸೂತ್ರಕ್ಕೆ ಒಂದು, ಬೆಲೆ ಹಾಕಿದ್ದಕ್ಕೆ ಒಂದು, ಯೂನಿಟ್ ಸಹಿತ ಉತ್ತರಕ್ಕೆ ಒಂದು. ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಇಲ್ಲದ ಕೋಣೆಯಲ್ಲಿ ಕೊನೆಯ ಅಂಕಿ ತಪ್ಪಿದರೂ ಎರಡು ಅಂಕ ಉಳಿಯುತ್ತದೆ, ಹಂತ ಬರೆದಿದ್ದರೆ. ಪಕ್ಕದವರ ಕಾಗದ ಬದಲಾಯಿಸಿಕೊಂಡು ತಿದ್ದಿ ನೋಡಿ, ನಿಮ್ಮೊಳಗಿನ ಉದಾರಿ ಎಲ್ಲಿ ಹೋದ ಎಂದು ಆಶ್ಚರ್ಯವಾಗುತ್ತದೆ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಇನ್ನೊಂದು ತೊಡಕು ಪ್ರಶ್ನೆಯ ಕ್ರಿಯಾಪದ. "ಅಕೌಂಟ್ ಫಾರ್" ಎಂದರೆ ಲೆಕ್ಕ ಮಾಡು ಎಂದಲ್ಲ, ಕಾರಣ ಕೊಡು ಎಂದು. "ವಾಟ್ ಹ್ಯಾಪನ್ಸ್ ವೆನ್" ಎಂದರೆ ಸಮೀಕರಣ ಬರೆದರೆ ಸಾಕು, ಪುಟಗಟ್ಟಲೆ ವಿವರಣೆ ಬೇಡ. "ಡಿಸ್ಟಿಂಗ್ವಿಶ್" ಎಂದರೆ ಎರಡು ವಸ್ತುವಿಗೂ ಒಂದೇ ಪರೀಕ್ಷೆಯಲ್ಲಿ ಏನಾಗುತ್ತದೆ ಎಂದು ಎರಡೂ ಕಡೆ ಬರೆಯಬೇಕು. ಹಳೆ ಪೇಪರುಗಳಿಂದ ಇಂಥ ಹತ್ತು ಮಾತು ಆರಿಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡರೆ ಆಯಿತು.

ಹೋದ ಜುಲೈನಲ್ಲಿ ಮಳೆಗೆ ರಜೆ ಕೊಟ್ಟ ಒಂದು ದಿನ ಶಿರಸಿ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಅವರ ಮನೆಯಲ್ಲಿ ಬೋರ್ಡೋ ಕಲಸುತ್ತಿದ್ದರಂತೆ. ಕತ್ತಿಯ ಪ್ರಶ್ನೆಯನ್ನು ತಾನೇ ತಿರುವಿ ಹಾಕಿದ್ದಳು. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಅದರ ಮೋಲಾರ್ ದ್ರವ್ಯರಾಶಿ ಸುಮಾರು 249.5, ಹಾಗಾಗಿ 0.04 ಮೋಲಾರ್. ಅಲ್ಲಿಯವರೆಗೆ ಸರಿ. "ಆದರೆ ಸರ್, ಕತ್ತಿ ಅದ್ದೂಕಿಂತ ಮೊದಲು ಕಬ್ಬಿಣದ ಅಯಾನೇ ಇಲ್ಲ. ಸೊನ್ನೆ. ಸೊನ್ನೆಯ ಲಾಗ್ ತೆಗೆದ್ರೆ ಇಎಂಎಫ್ ಅನಂತ ಬರ್ತದೆ. ಕತ್ತಿಗೆ ಶಾಕ್ ಹೊಡೀಬೇಕಾಗಿತ್ತಲ್ಲ?"

ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಯಾರೂ ಇದನ್ನು ಕೇಳಿರಲಿಲ್ಲ. ಸೊನ್ನೆ ಎಂಬುದು ಕಾಗದದ ಮೇಲೆ ಮಾತ್ರ ಇದೆ, ಕತ್ತಿ ತಾಗಿದ ಗಳಿಗೆಯಲ್ಲೇ ಒಂದಿಷ್ಟು ಕಬ್ಬಿಣ ಕರಗಿರುತ್ತದೆ ಎಂದೆ. ಒಂದು ಮೋಲಾರಿನ ಹತ್ತು ಲಕ್ಷದಲ್ಲೊಂದು ಪಾಲು ಎಂದುಕೊಂಡು ಲೆಕ್ಕ ಹಾಕಿಸಿದೆ, 0.92 ವೋಲ್ಟ್ ಬಂತು. 0.78ರಿಂದ ಎಷ್ಟೂ ದೂರ ಹೋಗಲಿಲ್ಲ. ಅವಳು ಬಿಡಲಿಲ್ಲ. ಸುಣ್ಣ ಸರಿಯಾಗಿ ಬಿದ್ದ ಮೇಲೆ ತಾಮ್ರವೆಲ್ಲ ಗಸಿಯಾಗಿ, ದ್ರಾವಣದಲ್ಲಿ 10ರ ಮೈನಸ್ 16ನೆಯ ಘಾತದಷ್ಟು ಮೋಲಾರ್ ಮಾತ್ರ ಉಳಿಯಿತು ಎಂದಿಟ್ಟುಕೊಂಡರೆ? ಅನುಪಾತ 10ರ 10ನೆಯ ಘಾತ, ಕಳೆಯಬೇಕಾದ್ದು 0.30, ಉತ್ತರ 0.48 ವೋಲ್ಟ್. ಇನ್ನೂ ಧನ ಚಿಹ್ನೆಯೇ. "ಹಾಗಾದ್ರೆ ಈಗಲೂ ಕತ್ತಿ ಕೆಂಪಾಗ್ಬೇಕಲ್ಲ ಸರ್, ಆಗೂದಿಲ್ಲ ಎಂತಕೆ?"

ನಾನು ಉತ್ತರ ಹೇಳಲಿಲ್ಲ, ಆ 100 ಲೀಟರಿನಲ್ಲಿ ಈಗ ಕರಗಿರುವ ತಾಮ್ರ ಎಷ್ಟು ಗ್ರಾಂ ಎಂದು ಲೆಕ್ಕ ಮಾಡಲು ಹೇಳಿದೆ. ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಬರೇ ಮಳೆಯ ಸದ್ದು. ಆಮೇಲೆ ಅಂದಳು, "ಹೋಗೂಕೆ ತಯಾರಿದೆ, ಹೋಗೂಕೆ ತಾಮ್ರವೇ ಇಲ್ಲ." ಅಷ್ಟರಲ್ಲಿ ಅಂಗಳದಿಂದ ಅವಳ ಅಪ್ಪ ಕತ್ತಿ ಎಲ್ಲಿಟ್ಟೆ ಎಂದು ಕೂಗಿದ್ದು ಕೇಳಿಸಿತು.